ಮಗ್ಗದ ಮನೆಯ ಓದು: ಹಣದ ಚಿಂತೆ ಮತ್ತು ವಿದ್ಯಾರ್ಥಿಯ ಕಲಿಕೆ

ಮನೆಯ ಹಣದ ತಾಪತ್ರಯ ಓದುವ ಮಗುವನ್ನು ಎರಡು ದಾರಿಯಲ್ಲಿ ಮುಟ್ಟುತ್ತದೆ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ: ಫೀ ಕಟ್ಟಲು ಹಣವಿಲ್ಲ, ನೋಟುಬುಕ್ಕಿಗೆ ಹಣವಿಲ್ಲ, ಓದು ಬಿಟ್ಟು ದುಡಿಯಬೇಕಾದ ಸ್ಥಿತಿ. ಎರಡನೆಯದು ಯಾವ ಹಾಜರಿ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಮಗು ದಿನವೂ ಶಾಲೆಗೆ ಹೋಗುತ್ತದೆ, ಬೆಂಚಿನ ಮೇಲೆ ಕೂರುತ್ತದೆ, ಪುಸ್ತಕ ತೆರೆಯುತ್ತದೆ. ಆದರೆ ಮನಸ್ಸು ಸಾಲದವರು ಬಂದು ಹೋದ ಮನೆಯಲ್ಲೇ ಉಳಿದಿರುತ್ತದೆ. ಅಂಕಪಟ್ಟಿಯಲ್ಲಿ ಇದು ‘ದಡ್ಡತನ’ವಾಗಿ ಕಾಣುತ್ತದೆ. ಹಾಗೆ ಓದಿಕೊಳ್ಳುವುದು ಮಗುವಿಗೆ ಮಾಡುವ ಅನ್ಯಾಯ.

ಸೇಲಂ ಜಿಲ್ಲೆಯ ಮೇಟ್ಟೂರು ತಾಲ್ಲೂಕಿನ ನಂಗವಳ್ಳಿಯಲ್ಲಿ ಈ ಎರಡು ದಾರಿಗಳೂ ಒಂದೇ ಸೂರಿನಡಿ ಸೇರುತ್ತವೆ. ನಂಗವಳ್ಳಿ, ಜಲಕಂಠಪುರಂ, ವನವಾಸಿ, ತಾರಮಂಗಲ ಎಲ್ಲವೂ ನೇಯ್ಗೆಯ ಊರುಗಳು. ಮನೆಯೊಳಗೆ ಕನ್ನಡ ಅಥವಾ ತೆಲುಗು ಮಾತಾಡುವ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ಈ ಸೀಮೆಯಲ್ಲಿ ಮಗ್ಗ ನಂಬಿ ಬದುಕಿವೆ. ಕೈಮಗ್ಗವಿದ್ದ ಜಾಗದಲ್ಲಿ ಈಗ ಬಹುಮಟ್ಟಿಗೆ ವಿದ್ಯುತ್ ಮಗ್ಗ ನಿಂತಿದೆ. ಆದರೂ ಮಗ್ಗ ಮನೆ ಬಿಟ್ಟು ಹೊರಗೆ ಹೋಗಿಲ್ಲ. ಮಲಗುವ ಕೋಣೆಗೂ ಮಗ್ಗದ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ ಇರುವ ಮನೆಗಳು ಇಲ್ಲಿ ಸಾಮಾನ್ಯ.

ಕೂಲಿ ನೇಯ್ಗೆಯವರಿಗೆ ತಿಂಗಳ ಸಂಬಳವೆಂಬುದಿಲ್ಲ. ನೂಲು ಕೊಟ್ಟವರು ಸೀರೆಗೋ ಮೀಟರಿಗೋ ಇಷ್ಟೆಂದು ಕೊಡುವ ಬಟವಾಡೆಯೇ ಆದಾಯ. ದೀಪಾವಳಿ, ಪೊಂಗಲ್ ಹತ್ತಿರವಾದಾಗ ಮಗ್ಗಕ್ಕೆ ಬಿಡುವಿಲ್ಲ. ಹಬ್ಬ ಕಳೆದ ಮೇಲೆ ಕೆಲಸ ಇಳಿಯುತ್ತದೆ. ಪೊಂಗಲಿಗೆ ಬಡವರಿಗೆ ಉಚಿತವಾಗಿ ಸೀರೆ–ಪಂಚೆ ಕೊಡುವ, 1983ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಯೋಜನೆ ಸಾವಿರಾರು ಮಗ್ಗಗಳಿಗೆ ಕೆಲಸ ಕೊಟ್ಟಿದೆ. ಅದರ ಆದೇಶ ತಡವಾದರೆ ಅಷ್ಟೂ ದಿನ ಮಗ್ಗ ಸುಮ್ಮನಿರುತ್ತದೆ. ನೂಲಿನ ಬೆಲೆ ಏರಿದರೂ ಅಷ್ಟೇ. 2021–22ರಲ್ಲಿ ಹತ್ತಿ ನೂಲಿನ ಬೆಲೆ ಗಗನಕ್ಕೇರಿದಾಗ ತಮಿಳುನಾಡಿನ ನೇಯ್ಗೆ ಊರುಗಳೆಲ್ಲ ಅದರ ಬಿಸಿ ಉಂಡವು. ಪಕ್ಕದ ಧರ್ಮಪುರಿ ಜಿಲ್ಲೆಯಲ್ಲಿ ಮಗ್ಗದ ಬದಲು ಮಳೆ ಮತ್ತು ಮಾರುಕಟ್ಟೆ. ಪಾಲಕ್ಕೋಡಿನ ಸಂತೆಯಲ್ಲಿ ಟೊಮ್ಯಾಟೊ ಬೆಲೆ ನೆಲಕಚ್ಚಿದ ವಾರ ಬೆಳೆಗಾರನ ಮನೆಯ ಮಕ್ಕಳೂ ಅದೇ ತಾಪತ್ರಯದೊಳಗೆ ಬೀಳುತ್ತಾರೆ.

ಇಂಥ ಮನೆಯಲ್ಲಿ ಮೊದಲು ಕರಗುವುದು ಮಗುವಿನ ಸಮಯ. ಶಾಲೆಯಿಂದ ಬಂದ ಹುಡುಗಿ ಚೀಲ ಮೂಲೆಗಿಟ್ಟು ಕಂಡಿಕೆಗೆ ನೂಲು ಸುತ್ತಲು ಕೂರುತ್ತಾಳೆ. ಲಾಳಿಯೊಳಗಿನ ಕಂಡಿಕೆ ಬೇಗ ಬೇಗ ಖಾಲಿಯಾಗುತ್ತದೆ. ಸುತ್ತಿದ್ದು ಮುಗಿದರೆ ಅಪ್ಪನ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಆ ದಿನದ ಕೂಲಿ ಕಡಿಮೆ. ಆದ್ದರಿಂದ ಅವಳ ಹೋಮ್‌ವರ್ಕ್ ರಾತ್ರಿಗೆ ಹೋಗುತ್ತದೆ, ರಾತ್ರಿಯದು ಬೆಳಗಿನ ಜಾವಕ್ಕೆ, ಜಾವದ್ದು ತರಗತಿಯ ಮೊದಲ ಪೀರಿಯಡ್ಡಿನ ತೂಕಡಿಕೆಗೆ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕಿಡುವುದನ್ನು ನಿಷೇಧಿಸಿದ 2016ರ ತಿದ್ದುಪಡಿ ಕಾಯಿದೆ, ಶಾಲೆ ಮುಗಿದ ಮೇಲೆ ಮನೆಯ ಕಸುಬಿನ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಲು ಅವಕಾಶ ಉಳಿಸಿತು. ಕೈಜೋಡಿಸುವುದು ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಗುತ್ತದೆಂದು ಯಾವ ಇನ್ಸ್‌ಪೆಕ್ಟರೂ ಮನೆಯೊಳಗೆ ನಿಂತು ಅಳೆಯಲಾರ. ತಂದೆತಾಯಿಯನ್ನು ದೂರುವುದರಿಂದಲೂ ಉಪಯೋಗವಿಲ್ಲ. ಕೂಲಿಯ ದರ ಅವರ ಕೈಯಲ್ಲಿಲ್ಲ.

ಸಮಯದ ಜೊತೆಗೆ ಸದ್ದು. ಸಾಲದ ಕಂತು ತೀರಿಸಲು ಮಗ್ಗ ರಾತ್ರಿಯೂ ಓಡಬೇಕಾಗುತ್ತದೆ. ವಿದ್ಯುತ್ ಮಗ್ಗದ ಬಡಿತದ ಮಧ್ಯೆ ಬೆಳೆದ ಮಗು ಅದಕ್ಕೆ ‘ಒಗ್ಗಿಹೋಗಿದೆ’ ಎಂದು ಮನೆಯವರು ಹೇಳುವುದುಂಟು. ಕಿವಿ ಒಗ್ಗಬಹುದು, ಕಲಿಕೆ ಒಗ್ಗುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ರೈಲು ಹಳಿಯ ಪಕ್ಕದ ಒಂದು ಶಾಲೆಯನ್ನು ಅರ್ಲೀನ್ ಬ್ರಾನ್ಝಾಫ್ಟ್ ಅಧ್ಯಯನ ಮಾಡಿ 1975ರಲ್ಲಿ ವರದಿ ಪ್ರಕಟಿಸಿದರು. ಹಳಿಯ ಕಡೆಯ ಕೊಠಡಿಗಳಲ್ಲಿ ಕೂತ ಮಕ್ಕಳು, ಅದೇ ಕಟ್ಟಡದ ಇನ್ನೊಂದು ಮಗ್ಗುಲಲ್ಲಿ ಕೂತವರಿಗಿಂತ ಓದುವ ಸಾಮರ್ಥ್ಯದಲ್ಲಿ ಹಿಂದಿದ್ದರು. ಆರನೇ ತರಗತಿಯ ಹೊತ್ತಿಗೆ ಈ ಅಂತರ ಸುಮಾರು ಒಂದು ವರ್ಷದಷ್ಟಾಗಿತ್ತು. ಸದ್ದು ತಗ್ಗಿಸುವ ಕ್ರಮ ಕೈಗೊಂಡ ಮೇಲೆ ನಡೆದ ಅಧ್ಯಯನದಲ್ಲಿ ಅಂತರ ಮಾಯವಾಗಿತ್ತು. ಮಕ್ಕಳ ಬುದ್ಧಿಯಲ್ಲಿ ಕೊರತೆ ಇರಲಿಲ್ಲ.

ಮೂರನೆಯದು ಚಿಂತೆ. ಕಾಣದ ಈ ಹೊರೆಯ ಬಗ್ಗೆ ದೊರೆತಿರುವ ಅತಿ ಸ್ಪಷ್ಟ ಸಾಕ್ಷ್ಯಗಳಲ್ಲಿ ಒಂದು ತಮಿಳುನಾಡಿನದೇ. ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೊ ಇಲ್ಲಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲೊಮ್ಮೆ, ಕಟಾವಿನ ನಂತರ ಮತ್ತೊಮ್ಮೆ ಪರೀಕ್ಷಿಸಿದರು. ಅದರ ಫಲಿತಾಂಶ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕಟಾವಿಗೆ ಮೊದಲು ಕೈ ಖಾಲಿ, ಒಡವೆ ಅಡವು. ನಂತರ ಕೈತುಂಬ ಹಣ. ಅದೇ ಮನುಷ್ಯ ಆಕೃತಿಗಳ ಒಗಟು ಬಿಡಿಸುವುದರಲ್ಲಿ, ಗಮನ ಹಿಡಿದಿಡುವುದರಲ್ಲಿ ಕಟಾವಿಗೆ ಮೊದಲು ಹಿಂದೆ ಬಿದ್ದ, ನಂತರ ಮುಂದೆ ಬಂದ. ಹಣದ ಚಿಂತೆ ಯೋಚಿಸುವ ಶಕ್ತಿಯ ಒಂದು ಪಾಲನ್ನು ತಾನೇ ಕಬಳಿಸುತ್ತದೆ. ಉಳಿದದ್ದರಲ್ಲಿ ಬೇರೆಲ್ಲ ಕೆಲಸ ನಡೆಯಬೇಕು. ಅಧ್ಯಯನ ನಡೆದದ್ದು ದೊಡ್ಡವರ ಮೇಲೆ, ನಿಜ. ಆದರೆ ಅಪ್ಪ ಯಾರಿಗೆ ಎಷ್ಟು ಕೊಡಬೇಕೆಂದು ಮಗ್ಗದ ಮನೆಯ ಹತ್ತನೇ ತರಗತಿಯ ಹುಡುಗನಿಗೆ ಚೆನ್ನಾಗಿ ಗೊತ್ತಿರುತ್ತದೆ. ಒಂದೇ ಗೋಡೆಯ ಮನೆಯಲ್ಲಿ ಸಾಲದ ಮಾತು ಮಕ್ಕಳ ಕಿವಿ ತಪ್ಪಿಸುವುದಿಲ್ಲ.

ಹಣ ಎಷ್ಟು ಎಂಬುದರಷ್ಟೇ ಅದು ಯಾವ ದಿನ ಕೈಗೆ ಬರುತ್ತದೆ ಎಂಬುದೂ ಮುಖ್ಯ. ಒಡಿಶಾದಲ್ಲಿ ಪತ್ರಾವಳಿ ಮಾಡುವ ಕೂಲಿಗಳ ಮೇಲೆ ಸುಪ್ರೀತ್ ಕೌರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇದನ್ನು ತೋರಿಸುತ್ತದೆ. ಅವರೂ ನೇಕಾರರಂತೆ ಮಾಡಿದ ಮಾಲಿನ ಲೆಕ್ಕಕ್ಕೆ ಕೂಲಿ ಪಡೆಯುವವರು. ಕೆಲವರಿಗೆ ದುಡಿದ ಕೂಲಿಯಲ್ಲೇ ಒಂದು ಭಾಗವನ್ನು ಕೆಲವು ದಿನ ಮೊದಲೇ ಕೊಡಲಾಯಿತು. ಒಟ್ಟು ಹಣ ಎಲ್ಲರಿಗೂ ಒಂದೇ ಲೆಕ್ಕದ್ದು. ದಿನ ಮಾತ್ರ ಬೇರೆ. ಬೇಗ ಪಡೆದವರು ತುರ್ತು ಸಾಲ ತೀರಿಸಿ, ನಂತರದ ದಿನಗಳಲ್ಲಿ ಹೆಚ್ಚು ಪತ್ರಾವಳಿ ಮಾಡಿದರು, ತಪ್ಪೂ ಕಡಿಮೆಯಾಯಿತು. ವಿದ್ಯಾರ್ಥಿವೇತನ ಹಂಚುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿಯಿದು. ತಮಿಳುನಾಡಿನಲ್ಲಿ ಶಾಲಾ ವರ್ಷ ತೆರೆಯುವುದು ಜೂನಿನಲ್ಲಿ. ಫೀ, ಸಮವಸ್ತ್ರ, ಹಾಸ್ಟೆಲ್ ಠೇವಣಿ ಎಲ್ಲಕ್ಕೂ ಆಗಲೇ ವಾಯಿದೆ. ದೀಪಾವಳಿಯ ಕೆಲಸ ಇನ್ನೂ ಕಾವೇರಿರುವುದಿಲ್ಲ. ಮಾರ್ಚಿನಲ್ಲಿ ಬ್ಯಾಂಕ್ ಖಾತೆಗೆ ಬೀಳುವ ವಿದ್ಯಾರ್ಥಿವೇತನ ಅಷ್ಟರಲ್ಲಿ ತೆತ್ತ ಬಡ್ಡಿಗೆ ಸರಿಹೋಗುತ್ತದೆ. ವರ್ಷವಿಡೀ ಹೊತ್ತ ಚಿಂತೆಗೆ ಅದರಿಂದ ಪರಿಹಾರವಿಲ್ಲ.

ಸಾಲಕ್ಕೆ ಮೂಲವಾಗುವ ಒಂದು ತೀರ್ಮಾನವನ್ನು ಇಲ್ಲಿ ವಿವರವಾಗಿ ನೋಡಬೇಕು. ಮಗು ಮಗ್ಗಕ್ಕೆ ಇಳಿಯಬಾರದೆಂದು ಹೊಟ್ಟೆ ಬಟ್ಟೆ ಕಟ್ಟಿ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹಾಕುವ ತಂದೆತಾಯಿಗಳು ಬಹಳ. ಆಸೆಯಲ್ಲಿ ತಪ್ಪಿಲ್ಲ. ಆದರೆ ರಾಜ್ಯದ ಹಲವು ನೆರವುಗಳು ಆರರಿಂದ ಹನ್ನೆರಡನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆಂದು ರೂಪುಗೊಂಡಿವೆ. 2020ರಲ್ಲಿ ವೈದ್ಯಕೀಯ ಪ್ರವೇಶದಲ್ಲಿ, 2021ರಲ್ಲಿ ಎಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಶೇ. 7.5 ಸೀಟು ಮೀಸಲಾಯಿತು. ಆ ಸೀಟಿನ ಫೀ ಸರ್ಕಾರವೇ ಕಟ್ಟುತ್ತದೆ. 2022ರ ಸೆಪ್ಟೆಂಬರ್ 5ರಂದು ಆರಂಭವಾದ ‘ಪುದುಮೈ ಪೆಣ್’ ಯೋಜನೆ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ. 2024ರ ಆಗಸ್ಟಿನಲ್ಲಿ ‘ತಮಿಳ್ ಪುದಲ್ವನ್’ ಹೆಸರಿನಲ್ಲಿ ಗಂಡುಮಕ್ಕಳಿಗೂ ಅಂಥದೇ ನೆರವು ಬಂತು. ಅನುದಾನಿತ ಶಾಲೆಗಳ ತಮಿಳು ಮಾಧ್ಯಮದ ಮಕ್ಕಳನ್ನೂ ಇವು ಒಳಗೊಂಡಿವೆ. ಸಾಲ ಮಾಡಿ ಖಾಸಗಿ ಶಾಲೆಗೆ ಫೀ ತೆತ್ತ ಮನೆ ಈ ಬಾಗಿಲುಗಳನ್ನೂ ಮುಚ್ಚಿಕೊಂಡಿರುತ್ತದೆ. ಐದನೇ ತರಗತಿ ಮುಗಿಯುವಾಗ ಈ ಲೆಕ್ಕವನ್ನು ಪೋಷಕರ ಮುಂದಿಡುವವರು ಊರಲ್ಲಿ ಇರಬೇಕು.

ನೇರ ಹಣವಲ್ಲದ ನೆರವೂ ಚಿಂತೆ ಇಳಿಸುತ್ತದೆ. ಮುಖ್ಯಮಂತ್ರಿ ಕಾಮರಾಜರ ಕಾಲದಲ್ಲಿ, 1956ರಲ್ಲಿ, ರಾಜ್ಯಮಟ್ಟಕ್ಕೆ ಬೆಳೆದ ಮಧ್ಯಾಹ್ನದ ಊಟ 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರ ಪೌಷ್ಟಿಕ ಆಹಾರ ಯೋಜನೆಯಾಗಿ ಹರಡಿತು. 2022ರ ಸೆಪ್ಟೆಂಬರ್ 15ರಂದು ಬೆಳಗಿನ ಉಪಾಹಾರವೂ ಸೇರಿ, ಮರುವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ತಲುಪಿತು. ರಾತ್ರಿಯೆಲ್ಲ ಮಗ್ಗದ ಮುಂದೆ ನಿಂತ ತಾಯಿಗೆ ಬೆಳಿಗ್ಗೆ ಒಲೆ ಹಚ್ಚುವ ಒಂದು ಚಿಂತೆ ಕಡಿಮೆಯಾದದ್ದು ಸಣ್ಣ ವಿಷಯವಲ್ಲ. 2023ರಲ್ಲಿ ವಿದ್ಯುತ್ ಮಗ್ಗಕ್ಕೆ ಎರಡು ತಿಂಗಳಿಗೆ ಕೊಡುವ ಉಚಿತ ವಿದ್ಯುತ್ತು 750ರಿಂದ 1,000 ಯೂನಿಟ್ಟಿಗೆ ಏರಿದ್ದನ್ನೂ ಶಿಕ್ಷಣದ ನೆರವೆಂದೇ ಎಣಿಸಬಹುದು. ಕರೆಂಟ್ ಬಿಲ್ಲಿನಲ್ಲಿ ಉಳಿದದ್ದು ಮನೆಯ ಕೈಯಲ್ಲೇ ಉಳಿಯುತ್ತದೆ.

ಕೋವಿಡ್ ಕಾಲ ಇದೆಲ್ಲವನ್ನೂ ಒಟ್ಟಿಗೆ ಬಿಗಿಯಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಒಂದರಿಂದ ಎಂಟನೇ ತರಗತಿಯವರಿಗೆ ತೆರೆದದ್ದು 2021ರ ನವೆಂಬರಿನಲ್ಲಿ. ಮಗ್ಗವೂ ನಿಂತಿತ್ತು. ಮನೆಯಲ್ಲಿ ಕನ್ನಡ, ಪಾಠ ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಆಗಿರುವ ಮಗುವಿಗೆ ಆ ಅವಧಿ ಇನ್ನಷ್ಟು ಭಾರ. ಪಾಠದ ಭಾಷೆ ಅದರ ಕಿವಿಗೆ ಹೆಚ್ಚಾಗಿ ಬೀಳುತ್ತಿದ್ದ ಜಾಗ ಶಾಲೆ, ಅದಕ್ಕೇ ಬೀಗ. ‘ಇಲ್ಲಂ ತೇಡಿ ಕಲ್ವಿ’ ಯೋಜನೆ ಸ್ವಯಂಸೇವಕರ ಮೂಲಕ ಪಾಠವನ್ನು ಮನೆಬಾಗಿಲಿಗೆ ಒಯ್ದದ್ದು ಇಂಥ ಮಕ್ಕಳಿಗೆ ತಕ್ಕ ಕೆಲಸವಾಗಿತ್ತು.

ಪೆರಿಯಾರ್ ವಿಶ್ವವಿದ್ಯಾಲಯ 1997ರಲ್ಲಿ ಸೇಲಂನಲ್ಲಿ ಸ್ಥಾಪನೆಯಾದ ಮೇಲೆ ಪದವಿ ಈ ಸೀಮೆಗೆ ಹತ್ತಿರವಾಯಿತು. ಆದರೂ ಪದವಿಯ ಹುಡುಗರಲ್ಲಿ ತರಗತಿ ಮುಗಿಸಿ ಅಂಗಡಿಯಲ್ಲೋ ಮಗ್ಗದ ಶೆಡ್ಡಿನಲ್ಲೋ ದುಡಿಯುವವರಿದ್ದಾರೆ. ಅವರ ಹಾಜರಿ ಕೊರತೆಗೆ ದಂಡ ವಿಧಿಸುವುದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಲೇವಾದೇವಿಯವರ ಬಡ್ಡಿಗಿಂತ ಬ್ಯಾಂಕಿನ ಶಿಕ್ಷಣ ಸಾಲ ಎಷ್ಟೋ ಮೇಲು. 4 ಲಕ್ಷ ರೂಪಾಯಿವರೆಗೆ ಅಡಮಾನ ಬೇಡ, ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂತೂ ಬೇಡ. ಅರ್ಜಿ ತುಂಬಿಸಿ ಬ್ಯಾಂಕಿಗೆ ಜೊತೆಯಲ್ಲಿ ಹೋಗುವ ಓದಿದವರು ಬೀದಿಗೊಬ್ಬರಿದ್ದರೆ ಮೊದಲ ತಲೆಮಾರಿನ ಪದವೀಧರನ ಅರ್ಧ ಚಿಂತೆ ಇಳಿಯುತ್ತದೆ.

ಆದ್ದರಿಂದ ಸಮುದಾಯದ ಸಂಘಗಳು, ದೇವಸ್ಥಾನದ ಸಮಿತಿಗಳು, ದತ್ತಿ ಇಟ್ಟ ಕುಟುಂಬಗಳು ಒಂದು ಪದ್ಧತಿ ಬದಲಿಸಬೇಕು. ಫಲಿತಾಂಶದ ನಂತರ ವೇದಿಕೆ ಕಟ್ಟಿ, ಹೆಚ್ಚು ಅಂಕ ತೆಗೆದವರಿಗೆ ಶಾಲು ಹೊದಿಸಿ ಕೊಡುವ ಹಣದಲ್ಲಿ ಅರ್ಧವನ್ನಾದರೂ ಜೂನ್ ಮೊದಲ ವಾರದಲ್ಲಿ, ಅಂಕ ಕೇಳದೆ, ಫೀ ಕಟ್ಟಲಾಗದ ಮನೆಗೆ ಸದ್ದಿಲ್ಲದೆ ತಲುಪಿಸಿರಿ. ಮಗ್ಗದ ಮನೆಗಳ ಮಕ್ಕಳಿಗೆ ಸಂಜೆ ಆರರಿಂದ ಒಂಬತ್ತರವರೆಗೆ ಸಮುದಾಯ ಭವನದ ಒಂದು ಕೋಣೆ ತೆರೆದಿಡಿ, ದೀಪ ಹಾಕಿಸಿ, ಒಬ್ಬ ಪದವೀಧರನನ್ನು ಕೂರಿಸಿ. ಮದುವೆ ಇಲ್ಲದ ದಿನ ಆ ಭವನಗಳು ಹೇಗೂ ಖಾಲಿ ಇರುತ್ತವೆ.