ಹಳ್ಳದ ಲೆಕ್ಕವೂ ಗಣಕದ ತೆರೆಯೂ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಯೋಜನೆಯೊಂದರ ಅಹವಾಲು ಸಭೆಗೆ ಹೋಗಿದ್ದೆ. ಯೋಜನೆಯವರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳನ್ನು ಮೂಡಿಸಿ, ನಮ್ಮ ಹಳ್ಳದಲ್ಲಿ ವರ್ಷಕ್ಕೆ ಸರಾಸರಿ ಇಷ್ಟು ನೀರು ಹರಿಯುತ್ತದೆ ಎಂದು ತೋರಿಸಿದರು. ಆಗ ಊರಿನ ಹಿರಿಯರೊಬ್ಬರು ಎದ್ದು ನಿಂತು, ಅದೇ ಹಳ್ಳ ಪ್ರತಿ ವರ್ಷ ಯಾವ ದಿನ ಬತ್ತಿತೆಂದು ತಾವು ಬರೆದಿಟ್ಟಿದ್ದ ಲೆಕ್ಕದ ಪುಸ್ತಕವನ್ನು ಮುಂದಿಟ್ಟರು. ಅಧಿಕಾರಿಗಳು ಎರಡು ಪುಟ ತಿರುವಿ ಹಿಂದಿರುಗಿಸಿದರು. ಮಳೆಗಾಲದಲ್ಲಿ ಉಕ್ಕಿ ಹರಿದು ಬೇಸಿಗೆಯಲ್ಲಿ ಬತ್ತುವ ಹಳ್ಳಕ್ಕೆ ವಾರ್ಷಿಕ ಸರಾಸರಿ ಎಂಬುದೇ ಪೊಳ್ಳು ಸಂಖ್ಯೆ. ಆದರೆ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ವಿದ್ಯೆ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಪದವಿ ಪಡೆದಿದ್ದ ನನಗೂ ತಿಳಿದಿರಲಿಲ್ಲ.

ಆ ವಿದ್ಯೆಯನ್ನು ಅಂತರಜಾಲದಲ್ಲಿ ಹಣ ತೆರದೆ ಕಲಿಯಬಹುದೆಂದು ಹೇಳಲು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಅಂಕಿಗಳನ್ನು ಚಿತ್ರವಾಗಿಸಿ ವಾದಿಸುವುದು ಹೊಸದೇನಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯರು ಸಾವುಗಳನ್ನು ಬೀದಿಗಳ ನಕ್ಷೆಯ ಮೇಲೆ ಗುರುತಿಸಿ, ಅವು ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತ ಸೇರಿರುವುದನ್ನು ತೋರಿಸಿಕೊಟ್ಟರು. ಅವರಲ್ಲಿದ್ದುದು ಕಾಗದ ಮತ್ತು ಲೇಖನಿ ಮಾತ್ರ. ನಮಗೆ ಇನ್ನೂ ಹೆಚ್ಚಿನ ಅನುಕೂಲವಿದೆ. 1993ರ ಏಪ್ರಿಲ್ 30ರಂದು ಯುರೋಪಿನ ಸರ್ನ್ ಸಂಶೋಧನಾಲಯವು ವಿಶ್ವವ್ಯಾಪಿ ಜಾಲದ ತಂತ್ರಾಂಶವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಆದುದರಿಂದ ಜಾಲಪುಟ ರಚಿಸಲು ನಾವು ಯಾರಿಗೂ ರಾಜಧನ ಕೊಡಬೇಕಾಗಿಲ್ಲ.

ಪುಟದ ರಚನೆಗೆ ಎಚ್‌ಟಿಎಂಎಲ್, ಅಲಂಕಾರಕ್ಕೆ ಸಿಎಸ್‌ಎಸ್, ಚಲನೆಗೆ ಜಾವಾಸ್ಕ್ರಿಪ್ಟ್. ಮೊದಲು ಕಲಿಯಬೇಕಾದವು ಇವು. ಮೊಜಿಲ್ಲಾ ಸಂಸ್ಥೆ 2005ರಲ್ಲಿ ಆರಂಭಿಸಿದ ಎಂಡಿಎನ್ ತಾಣದಲ್ಲಿ ಇವುಗಳ ಪಾಠಗಳು ಕ್ರಮವಾಗಿವೆ. 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್ ಒಂದು ಲಾಭರಹಿತ ಸಂಸ್ಥೆ. ಅಲ್ಲಿ ಓದುತ್ತಲೇ ಬರೆದು ಅಭ್ಯಾಸ ಮಾಡಬಹುದು. ಡಬ್ಲ್ಯೂ3ಸ್ಕೂಲ್ಸ್ ಸಣ್ಣ ಸಂದೇಹಗಳಿಗೆ ಒದಗುತ್ತದೆ. ಅದು ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯದೆಂದು ಹಲವರು ಭಾವಿಸುತ್ತಾರೆ, ಅದು ತಪ್ಪು.

ಇವುಗಳ ಭಾಷೆ ಇಂಗ್ಲಿಷ್. ಈ ತೊಡಕನ್ನು ನಾನು ಮರೆಮಾಚುವುದಿಲ್ಲ. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ಅವನ್ನು ಒಮ್ಮೆ ಪೇಟೆಯಲ್ಲಿ ಇಳಿಸಿಕೊಂಡು ಬಂದರೆ ಮನೆಯಲ್ಲಿ ಜಾಲ ಸಂಪರ್ಕವಿಲ್ಲದೆಯೂ ನೋಡಬಹುದು. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಕ್ಕಳು ಇನ್ನೊಂದನ್ನು ನೆನಪಿಡಬೇಕು: ಪುಟವನ್ನು ಬರೆದು ಪರೀಕ್ಷಿಸಲು ಜಾಲ ಬೇಕಾಗಿಲ್ಲ. ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇದ್ದರೆ ಸಾಕು.

ಈಗ ಆ ಪುಸ್ತಕಕ್ಕೆ ಮರಳೋಣ. ಸಭೆ ಮುಗಿದ ಮೇಲೆ ನಾನು ಅದನ್ನು ಕೇಳಿ ಪಡೆದೆ. ಮೊದಲ ಕಷ್ಟ ಗಣಕದ್ದಾಗಿರಲಿಲ್ಲ. ಕೆಲವೆಡೆ ತಾರೀಖು ಇತ್ತು, ಕೆಲವೆಡೆ 'ಶಿವರಾತ್ರಿಯ ಮರುದಿನ', 'ಯುಗಾದಿಗೆ ನಾಲ್ಕು ದಿನ ಮೊದಲು' ಎಂದಿತ್ತು. ಹಳೆಯ ಪಂಚಾಂಗಗಳನ್ನು ಹುಡುಕಿ ಎಲ್ಲವನ್ನೂ ತಾರೀಖಿಗೆ ಇಳಿಸಲು ಒಂದು ತಿಂಗಳು ಹಿಡಿಯಿತು. ಈ ಭಾಗವನ್ನು ಯಾವ ತಾಣವೂ ಕಲಿಸದು; ಮನೆಯ ಅಜ್ಜಿಯೇ ಕಲಿಸಬೇಕು.

ಅನಂತರ ಲೆಕ್ಕ ಸುಲಭ. ಪ್ರತಿ ವರ್ಷಕ್ಕೆ ಒಂದು ಅಡ್ಡಪಟ್ಟಿ, ಜನವರಿ 1ರಿಂದ ಹಳ್ಳ ಬತ್ತಿದ ದಿನದವರೆಗೆ. ಏಪ್ರಿಲ್ 10 ಸಾಮಾನ್ಯ ವರ್ಷದ 100ನೆಯ ದಿನ. ದಿನಕ್ಕೆ ಎರಡು ಚುಕ್ಕಿಯೆಂದರೆ ಪಟ್ಟಿಯ ಉದ್ದ 200 ಚುಕ್ಕಿ. ಇದನ್ನು ಕೈಯಿಂದಲೇ ಬರೆಯಬಹುದು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿಯೂ ಮಾಡಬಹುದು. ಇನ್ನೂ ಮುಂದೆ ಹೋಗುವವರಿಗೆ 2011ರಲ್ಲಿ ಹೊರಬಂದ ಡಿ3 ಎಂಬ ಉಚಿತ ತಂತ್ರಾಂಶವಿದೆ. ಅದು ಸಿದ್ಧ ಚಿತ್ರವನ್ನು ಕೊಡುವುದಿಲ್ಲ. ಒಂದೊಂದು ಅಂಕಿಯನ್ನು ಒಂದೊಂದು ಆಕೃತಿಗೆ ಜೋಡಿಸುವ ಬಗೆಯನ್ನು ಕೊಡುತ್ತದೆ. ಕಲಿಯುವುದು ಕಷ್ಟ. ಅವಸರವಿರುವವರು ರಾಗ್ರಾಫ್ಸ್ ಬಳಸಲಿ. ಅದರಲ್ಲಿ ನಮ್ಮ ಅಂಕಿಗಳು ನಮ್ಮ ಬ್ರೌಸರಿನಲ್ಲಿಯೇ ಉಳಿಯುತ್ತವೆ.

ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಿರಿ, ಯೂನಿಕೋಡ್‌ನಲ್ಲಿ ಬರೆಯಿರಿ. ಹಿಂದೆ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಎಷ್ಟೋ ಕನ್ನಡ ಬರಹಗಳು ಇಂದು ಬೇರೆ ಗಣಕದಲ್ಲಿ ತೆರೆದರೆ ಬರಿಯ ಗೋಜಲು. ಪಟ್ಟಿಯ ಉದ್ದವನ್ನು ಸೊನ್ನೆಯಿಂದಲೇ ಅಳೆಯಿರಿ. ನಡುವಿನಿಂದ ಆರಂಭಿಸಿದರೆ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಎದುರಿನವರು ಹಾಗೆ ಮಾಡಿದರೆ ನಾವು ಆಕ್ಷೇಪಿಸುತ್ತೇವೆ, ನಾವೇ ಮಾಡಬಾರದು.

ನಕ್ಷೆಗಳ ವಿಷಯದಲ್ಲಿ ಒಂದು ಎಚ್ಚರಿಕೆಯಿದೆ. 2011ರಲ್ಲಿ ಕೀವ್ ನಗರದ ವೊಲೊದಿಮಿರ್ ಅಗಾಫೊಂಕಿನ್ ರಚಿಸಿದ ಲೀಫ್ಲೆಟ್ ಮತ್ತು ಎಲ್ಲರೂ ಸೇರಿ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಇವೆರಡರಿಂದ ಊರಿನ ನಕ್ಷೆಯನ್ನು ಜಾಲದಲ್ಲಿಡುವುದು ಇಂದು ಸುಲಭ. ನಮ್ಮ ಹುಡುಗರು ಉತ್ಸಾಹದಿಂದ ಅಪ್ಪೆಮಿಡಿ ಮರಗಳನ್ನೆಲ್ಲ ಗುರುತಿಸಲು ಹೊರಟಿದ್ದರು, ನಾನೇ ತಡೆದೆ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿಯುವವರಿಗೆ ನಾವೇ ದಾರಿ ತೋರಿಸಿದಂತಾಗುತ್ತಿತ್ತು. ಕುಸಿದ ಗುಡ್ಡ, ಬತ್ತಿದ ಹಳ್ಳ ಇವು ಎಲ್ಲರಿಗೂ ಕಾಣಲಿ. ಔಷಧಿ ಗಿಡ, ಜೇನಿನ ಮರ ಇವುಗಳ ಜಾಗ ಊರಿನೊಳಗೇ ಇರಲಿ.

ಊಟದ ನಂತರ ಶಾಲೆಯ ಗಣಕ ಕೊಠಡಿಯನ್ನು ನಮಗೆ ಎರಡು ತಾಸು ಬಿಟ್ಟುಕೊಟ್ಟಿದ್ದಾರೆ. ಹಿರಿಯರ ಆ ಪುಸ್ತಕ ನನ್ನ ಚೀಲದಲ್ಲಿದೆ. ನಿಮ್ಮ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಟ್ಟವರಿದ್ದರೆ, ಹತ್ತಿರದವರು ಹೋಗಿ ತಂದುಬಿಡಿ.