‘ಅಂತೆ’ ಉದುರಿಹೋದ ಸುದ್ದಿ

2023ರ ಮಾರ್ಚ್ ಮೊದಲ ವಾರ. ತಮಿಳುನಾಡಿನ ತಿರುಪ್ಪೂರಿನ ರೈಲು ನಿಲ್ದಾಣ. ಪ್ಲಾಟ್‌ಫಾರ್ಮಿನ ಮೇಲೆ ಕಾಲಿಡಲು ಜಾಗವಿಲ್ಲ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಬಟ್ಟೆಬರೆ ತುಂಬಿದ ಪೇಂಟ್ ಬಕೆಟ್ಟು. ಬನಿಯನ್ ಕಂಪನಿಗಳಲ್ಲಿ ದುಡಿಯುವ ಬಿಹಾರ, ಜಾರ್ಖಂಡ್, ಒಡಿಶಾ ಕಡೆಯ ಹುಡುಗರು ರೈಲಿಗೆ ಕಾಯುತ್ತಿದ್ದಾರೆ.

ನೀವು ವರದಿಗಾರರು ಅಂದುಕೊಳ್ಳಿ. ಏನು ಬರೆಯುತ್ತೀರಿ? ‘ಕಾರ್ಮಿಕರು ಊರಿಗೆ ಹೊರಟಿದ್ದಾರೆ’ ಎಂದೇ? ‘ಕಾರ್ಮಿಕರು ಓಡಿಹೋಗುತ್ತಿದ್ದಾರೆ’ ಎಂದೇ? ಕಂಡದ್ದು ಎರಡರಲ್ಲೂ ಒಂದೇ, ಬದಲಾದದ್ದು ಬರೀ ಕ್ರಿಯಾಪದ. ಹೊರಟಿದ್ದಾರೆ ಎನ್ನಲು ಕಣ್ಣಿದ್ದರೆ ಸಾಕು. ಓಡಿಹೋಗುತ್ತಿದ್ದಾರೆ ಎನ್ನಬೇಕಾದರೆ, ಯಾರೋ ಅಟ್ಟಿಸಿಕೊಂಡು ಬಂದಿದ್ದಾರೆ, ಇವರು ಹೆದರಿದ್ದಾರೆ ಎಂಬುದೂ ಗೊತ್ತಿರಬೇಕು. ಅದನ್ನು ತಿಳಿಯಲು ಬಕೆಟ್ಟು ಹಿಡಿದ ಒಬ್ಬ ಹುಡುಗನ ಹತ್ತಿರ ಹೋಗಿ ‘ಯಾಕಪ್ಪಾ ಹೊರಟೆ?’ ಎಂದು ಕೇಳಬೇಕು. ಆ ವರ್ಷ ಹೋಳಿ ಇದ್ದದ್ದು ಮಾರ್ಚ್ 8ಕ್ಕೆ. ಹೋಳಿಗೆ ಆ ಕಡೆಯ ಹುಡುಗರು ಊರಿಗೆ ಹೋಗುವುದು ಪ್ರತಿ ವರ್ಷದ ಮಾತು.

ಆದರೆ ಆ ವಾರ ಉತ್ತರದ ಹಲವು ಕಡೆ ಹರಡಿದ್ದು ಎರಡನೆಯ ವಾಕ್ಯ. ಅದಕ್ಕೆ ಬೆಂಬಲವಾಗಿ ವಿಡಿಯೋಗಳೂ ಬಂದವು, ನಡುಬೀದಿಯಲ್ಲಿ ಕೊಚ್ಚಿ ಹಾಕುವ ಭೀಕರ ದೃಶ್ಯಗಳು. ತಮಿಳುನಾಡಿನಲ್ಲಿ ಹಿಂದಿ ಮಾತಾಡಿದ್ದಕ್ಕೆ ಬಿಹಾರಿಗಳನ್ನು ಕೊಲ್ಲುತ್ತಿದ್ದಾರೆ ಎಂಬ ಒಕ್ಕಣೆ ಬೇರೆ. ಆಮೇಲೆ ಸತ್ಯಶೋಧಕರು ಹುಡುಕಿ ನೋಡಿದರೆ, ಒಂದು ರಾಜಸ್ಥಾನದ ಜೋಧಪುರದಲ್ಲಿ ವಕೀಲರೊಬ್ಬರ ಕೊಲೆ, ಇನ್ನೊಂದು ಹೈದರಾಬಾದಿನದು. ಬೇರೆ ಎರಡು ವಿಡಿಯೋಗಳ ಬಗ್ಗೆ ತಮಿಳುನಾಡಿನ ಅಂದಿನ ಪೊಲೀಸ್ ಮಹಾನಿರ್ದೇಶಕ ಶೈಲೇಂದ್ರ ಬಾಬು ತಾವೇ ಕ್ಯಾಮೆರಾ ಮುಂದೆ ಬಂದು ಹೇಳಿದರು: ಒಂದು ಬಿಹಾರದ ಕಾರ್ಮಿಕರೇ ತಮ್ಮೊಳಗೆ ಹೊಡೆದಾಡಿದ್ದು, ಇನ್ನೊಂದು ಕೊಯಮತ್ತೂರಿನ ಸ್ಥಳೀಯರ ಜಗಳ.

ಅಷ್ಟರಲ್ಲಿ ಮಾತು ಬಹಳ ದೂರ ಹೋಗಿತ್ತು. ತಮಿಳುನಾಡಿನಲ್ಲಿ ನಮ್ಮ ಕಾರ್ಮಿಕರ ಮೇಲೆ ಹಲ್ಲೆ ನಡೆಯುತ್ತಿರುವುದು ಪತ್ರಿಕೆಗಳಿಂದ ಗೊತ್ತಾಯಿತು ಎಂದು ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಮಾರ್ಚ್ 2ರಂದು ಟ್ವೀಟ್ ಮಾಡಿದರು. ಅಲ್ಲಿನ ವಿಧಾನಸಭೆಯಲ್ಲಿ ಗದ್ದಲ. ನಾಲ್ವರು ಅಧಿಕಾರಿಗಳ ತಂಡ ತಿರುಪ್ಪೂರು, ಕೊಯಮತ್ತೂರಿಗೆ ಬಂದು ಕಾರ್ಮಿಕರನ್ನೇ ಮಾತಾಡಿಸಿತು. ಒಬ್ಬ ವರದಿಗಾರ ಪ್ಲಾಟ್‌ಫಾರ್ಮಿನಲ್ಲಿ ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೇಳಲು ಪಟ್ನಾದಿಂದ ಸರ್ಕಾರವೇ ಬರಬೇಕಾಯಿತು ನೋಡಿ.

ಇಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಟಿವಿ ನೋಡಿದ ತಂದೆತಾಯಂದಿರು ಗಾಬರಿಬಿದ್ದು ಫೋನು ಮಾಡಿ ‘ಇದ್ದ ಹಾಗೇ ಹೊರಟು ಬಾ’ ಅಂದರು. ಕೆಲವು ಹುಡುಗರು ನಿಜಕ್ಕೂ ಹೆದರಿ ಗಂಟುಮೂಟೆ ಕಟ್ಟಿದರು. ಮೊದಲ ದಿನ ಸುಳ್ಳಾಗಿದ್ದ ‘ಓಡಿಹೋಗುತ್ತಿದ್ದಾರೆ’ ಎಂಬ ಮಾತು ನಾಲ್ಕನೆಯ ದಿನಕ್ಕೆ ಅಷ್ಟಿಷ್ಟು ನಿಜವಾಯಿತು. ಹಾಗೆ ನಿಜ ಮಾಡಿದ್ದು ಆ ಸುದ್ದಿಯೇ.

ಇದೇ ಸುದ್ದಿ ಮನೆಮಾತಿನಲ್ಲಿ ಹೇಗಿರುತ್ತಿತ್ತು ನೋಡೋಣ. ಕೊಯಮತ್ತೂರಿನ ಸುತ್ತಮುತ್ತ ಕನ್ನಡ ಮಾತಾಡುವ ದೇವಾಂಗರ ಮನೆಗಳು ತಲೆಮಾರುಗಳಿಂದ ಇವೆ. ಅಂಥ ಮನೆಯ ಅಜ್ಜಿಯೊಬ್ಬರು ಇದೇ ಸಂಗತಿಯನ್ನು ಪಕ್ಕದ ಮನೆಯವರಿಗೆ ಹೇಳಿದ್ದರೆ ಏನನ್ನುತ್ತಿದ್ದರು? ‘ಯಾರೋ ಬಿಹಾರದ ಹುಡುಗರನ್ನ ಹೊಡೆದರಂತೆ ಕಣೇ.’ ಪಕ್ಕದ ಮನೆಯ ತಮಿಳು ಅಜ್ಜಿಯದಾದರೆ ‘ಅಡಿಚ್ಚಾಂಗಳಾಂ’. ನಮ್ಮ ‘ಅಂತೆ’, ಅವರ ‘ಆಂ’. ನಾನು ಕಂಡಿಲ್ಲ, ಕೇಳಿದ್ದೇನೆ ಎಂಬುದನ್ನು ನಮ್ಮ ಭಾಷೆಗಳು ಒಂದೇ ಪ್ರತ್ಯಯದಲ್ಲಿ ಹೇಳಿಬಿಡುತ್ತವೆ. ಕಟ್ಟೆಯ ಹರಟೆಯಲ್ಲೂ ಇರುವ ಈ ಎಚ್ಚರ ತಲೆಬರಹದಲ್ಲಿ ಮಾಯವಾಗುತ್ತದೆ. ‘ಹೊಡೆದರಂತೆ’ ಎಂದು ಒಳಬಂದ ಸುದ್ದಿ ಸಂಪಾದಕರ ಮೇಜು ದಾಟುವಾಗ ‘ಹೊಡೆದರು’ ಆಗಿರುತ್ತದೆ.

ಪತ್ರಿಕೆಗಳು ‘ಅಂತೆ’ಗೆ ಬದಲಾಗಿ ಇನ್ನೊಂದು ಪದ ಸಾಕಿಕೊಂಡಿವೆ ಎನ್ನಿ: ‘ಎನ್ನಲಾಗಿದೆ’. ನನಗೆ ಆ ಪದದ ಮೇಲೆ ಒಳ್ಳೆಯ ಅಭಿಪ್ರಾಯವಿಲ್ಲ. ಅಜ್ಜಿಯನ್ನು ‘ಯಾರಂದರು?’ ಎಂದು ಕೇಳಿದರೆ ಹಾಲಿನವನೋ ಹೂವಿನವಳೋ ಎಂದು ಹೇಳಿಯಾರು. ‘ಎನ್ನಲಾಗಿದೆ’ಯನ್ನು ಏನು ಕೇಳುತ್ತೀರಿ?

ಪಕ್ಷಪಾತ ಉತ್ತರದವರದು ಮಾತ್ರ ಎಂದೂ ತಿಳಿಯಬೇಡಿ. ಅದೇ ವರ್ಷದ ಜನವರಿಯಲ್ಲಿ ತಿರುಪ್ಪೂರಿನದೇ ಒಂದು ವಿಡಿಯೋ ತಮಿಳರ ಮೊಬೈಲುಗಳಲ್ಲಿ ಓಡಾಡಿತ್ತು. ಅದರಲ್ಲಿ ಹೊರರಾಜ್ಯದ ಕಾರ್ಮಿಕರ ಗುಂಪು ಸ್ಥಳೀಯರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಟೀ ಅಂಗಡಿಯ ಹತ್ತಿರ ಬೀಡಿ ಸಿಗರೇಟಿನ ವಿಷಯಕ್ಕೆ ಎದ್ದ ಜಗಳ ‘ವಡಕ್ಕರು (ಉತ್ತರದವರು) ತಮಿಳರನ್ನು ಹೊಡೆಯುತ್ತಿದ್ದಾರೆ’ ಎಂದಾಯಿತು. ಎರಡು ತಿಂಗಳಲ್ಲಿ ಒಂದೇ ಊರಿಗೆ ಎರಡು ತದ್ವಿರುದ್ಧ ಕಥೆ! ತಮಿಳು ಪತ್ರಿಕೆಗಳ ಅಪರಾಧ ಸುದ್ದಿ ಓದುವವರಿಗೆ ‘ವಡಮಾನಿಲ ವಾಲಿಬರ್ ಕೈದು’, ಅಂದರೆ ಉತ್ತರ ರಾಜ್ಯದ ಯುವಕನ ಬಂಧನ ಎಂಬ ತಲೆಬರಹ ಚಿರಪರಿಚಿತ. ಕದ್ದವನು ಮಧುರೈಯವನಾದರೆ ‘ದಕ್ಷಿಣ ಜಿಲ್ಲೆಯ ಯುವಕ’ ಎಂದು ಯಾರೂ ಬರೆಯುವುದಿಲ್ಲ. ಆ ಸುದ್ದಿಯಲ್ಲಿ ಒಂದಕ್ಷರ ಸುಳ್ಳಿಲ್ಲ, ಆದರೂ ಅಭಿಪ್ರಾಯ ಒಳಗೆ ಬಂದು ಕೂತಿದೆ.

ನಾವೇನು ಕಡಿಮೆಯೇ? 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ಒಂದೇ ಡಿಪೋದಲ್ಲಿ ತಮಿಳುನಾಡಿನ ಖಾಸಗಿ ಸಂಸ್ಥೆಯೊಂದರ 40ಕ್ಕೂ ಹೆಚ್ಚು ಬಸ್ಸು ಸುಟ್ಟುಹೋದವು. ಅದಕ್ಕೆ ಮುಂಚೆ ಅಲ್ಲಿ ಕನ್ನಡಿಗನಿಗೆ ಹೊಡೆದದ್ದು, ಇಲ್ಲಿ ತಮಿಳು ಹುಡುಗನಿಗೆ ಹೊಡೆದದ್ದು ಎರಡೂ ಕಡೆಯ ಪರದೆಗಳ ಮೇಲೆ ಮತ್ತೆ ಮತ್ತೆ ಬಂದಿದ್ದವು. ಆ ದೃಶ್ಯಗಳೇನೂ ಸುಳ್ಳಲ್ಲ. ಆದರೆ ಒಂದು ಏಟನ್ನು ನೂರು ಸಲ ತೋರಿಸಿದರೆ ನೋಡುವವನ ಲೆಕ್ಕದಲ್ಲಿ ಅದು ನೂರು ಏಟು.

ಹಾಗೆಂದು ಅಭಿಪ್ರಾಯವೇ ತಪ್ಪೇ? ಖಂಡಿತ ಅಲ್ಲ. ಹೊರಗಿನ ಕಾರ್ಮಿಕರು ಬಂದರೆ ಸ್ಥಳೀಯರ ಕೂಲಿ ಇಳಿಯುತ್ತದೆ ಎಂದು ಒಬ್ಬರು ವಾದಿಸಲಿ, ಅವರಿಲ್ಲದಿದ್ದರೆ ಬನಿಯನ್ ಕಂಪನಿಗೆ ಬೀಗ ಎಂದು ಇನ್ನೊಬ್ಬರು ವಾದಿಸಲಿ. ಸಂಪಾದಕೀಯ ಪುಟ, ಅಂಕಣ, ಓದುಗರ ಪತ್ರ ಇರುವುದೇ ಅದಕ್ಕೆ. ಭಾರತೀಯ ಪತ್ರಿಕಾ ಮಂಡಳಿಯ ನೀತಿಸಂಹಿತೆಯೂ ಅಭಿಪ್ರಾಯ ಬೇಡ ಎನ್ನುವುದಿಲ್ಲ. ಊಹೆ, ಟೀಕೆ, ಸಂಗತಿ ಈ ಮೂರನ್ನೂ ಬೇರೆ ಬೇರೆಯಾಗಿ ಕಾಣಿಸಿ, ಮೊದಲೆರಡನ್ನು ಸಂಗತಿಯೆಂದು ಮೆರೆಸಬೇಡಿ ಎನ್ನುತ್ತದೆ ಅಷ್ಟೆ. ಆದರೆ ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿಗಳಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ.

ದಂಡಿಸುವ ಕೆಲಸವನ್ನು ಸರ್ಕಾರಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ತಿರುಪ್ಪೂರಿನ ಪ್ರಕರಣದಲ್ಲೇ ಉದಾಹರಣೆಯಿದೆ. ಬಿಹಾರದ ಒಬ್ಬ ಯೂಟ್ಯೂಬರ್, ಪಟ್ನಾದ ಒಂದು ಬಾಡಿಗೆ ಮನೆಯಲ್ಲಿ ಬ್ಯಾಂಡೇಜು ಕಟ್ಟಿದವರನ್ನು ಕೂರಿಸಿ ‘ಗಾಯಗೊಂಡ ಕಾರ್ಮಿಕರ’ ವಿಡಿಯೋ ಮಾಡಿಸಿದ. ಅಲ್ಲಲ್ಲ, ಮಾಡಿಸಿದ ಎಂದು ಬಿಹಾರ ಪೊಲೀಸರ ಆರ್ಥಿಕ ಅಪರಾಧ ಘಟಕ ಹೇಳಿತು. ನೋಡಿ, ಇಷ್ಟು ಹೊತ್ತು ಇದನ್ನೇ ಮಾತಾಡುತ್ತಿರುವ ನನ್ನ ಬಾಯಲ್ಲೂ ‘ಅಂತೆ’ ಉದುರಿಹೋಯಿತು. ತಮಿಳುನಾಡು ಸರ್ಕಾರ ಆ ಯೂಟ್ಯೂಬರ್ ಮೇಲೆ ರಾಷ್ಟ್ರೀಯ ಭದ್ರತಾ ಕಾಯ್ದೆಯನ್ನೇ ಹೇರಿತು. 2023ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಆ ಬಂಧನದ ಆದೇಶವನ್ನು ರದ್ದು ಮಾಡಿತು. ಸುಳ್ಳು ಸುದ್ದಿಯ ಆರೋಪಕ್ಕೆ ಅಷ್ಟು ದೊಡ್ಡ ಲಾಠಿ ಎತ್ತುವುದು ನನಗಂತೂ ಸರಿ ಕಾಣುವುದಿಲ್ಲ.

ಆ ಮಾರ್ಚ್ ತಿಂಗಳಲ್ಲಿ ಕೆಲವು ಕಾರ್ಮಿಕರು ತಮ್ಮ ಪಾಡಿಗೆ ಇನ್ನೊಂದು ದಾರಿ ಹಿಡಿದರು. ನಾವು ಚೆನ್ನಾಗಿದ್ದೇವೆ, ಕೆಲಸ ನಡೆಯುತ್ತಿದೆ ಎಂದು ಮೊಬೈಲಿನಲ್ಲಿ ತಾವೇ ವಿಡಿಯೋ ಮಾಡಿ ಕಳಿಸಿದರು. ಅದರಲ್ಲಿ ಸಂಗೀತವಿಲ್ಲ, ಕೆಂಪು ಬಾಣದ ಗುರುತಿಲ್ಲ. ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬೆರಡೂ ಅದರಲ್ಲೇ ಕಾಣುತ್ತಿದ್ದವು. ಊರಿನ ಮನೆಗಳಲ್ಲಿ ಅದನ್ನು ನೋಡಿದವರಿಗೆ ಮುಖ ಗುರುತಿತ್ತು, ದನಿ ಗುರುತಿತ್ತು.