ದಾರ ಮತ್ತು ಫಿರ್ಕಿ: ಪ್ರೊ. ಎಂ.ಆರ್.ಎಸ್. ರಾವ್ ಅವರ ಸಂಶೋಧನೆ

(ಚಾಂದ್‌ಖೇಡಾದಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವೇದಿಕೆಗಳಲ್ಲಿ ಕವಿಗಳನ್ನು ನೆನೆಯುತ್ತೇವೆ, ಗಾಯಕರನ್ನು ನೆನೆಯುತ್ತೇವೆ. ವಿಜ್ಞಾನಿಗಳ ಸರದಿ ಬಂದರೆ ಪಟ್ಟಿ ಒಂದೆರಡು ಹೆಸರಿಗೆ ಮುಗಿಯುತ್ತದೆ. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿ 2023ರ ಆಗಸ್ಟ್‌ನಲ್ಲಿ ತೀರಿಕೊಂಡ ಪ್ರೊ. ಎಂ.ಆರ್. ಸತ್ಯನಾರಾಯಣ ರಾವ್ ಅವರ ಹೆಸರನ್ನು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದೀರೋ ಅರಿಯೆ. ನಾನು ಜೀವವಿಜ್ಞಾನಿಯಲ್ಲ; ತೈಲಬಾವಿಗಳ ಲೆಕ್ಕ ನೋಡುತ್ತ ಸೇವೆ ಮುಗಿಸಿದವನು. ಅವರ ಬರಹಗಳತ್ತ ನಾನು ತಿರುಗಿದ್ದಕ್ಕೆ ನನ್ನ ಮನೆಯದೇ ಕಾರಣವಿದೆ.

2007ರಲ್ಲಿ ನನ್ನ ತಮ್ಮನ ಮೆದುಳಿನಲ್ಲಿ ಗೆಡ್ಡೆ ಕಂಡಿತು. ಶಸ್ತ್ರಕ್ರಿಯೆಯಾಯಿತು. ತೆಗೆದ ತುಣುಕನ್ನು ಪರೀಕ್ಷಿಸಿದ ಒಂದು ಆಸ್ಪತ್ರೆ ಅದು ಎರಡನೆಯ ದರ್ಜೆಯದು ಎಂದಿತು. ಅದೇ ಗಾಜಿನ ಸ್ಲೈಡನ್ನು ನೋಡಿದ ಇನ್ನೊಂದು ಆಸ್ಪತ್ರೆ ಮೂರನೆಯದು ಎಂದಿತು. ಎರಡನೆಯದಾದರೆ ಕಾದು ನೋಡಬಹುದು; ಮೂರನೆಯದಾದರೆ ವಿಕಿರಣ ಚಿಕಿತ್ಸೆಗೆ ತಡಮಾಡುವಂತಿಲ್ಲ. ನಾವು ಮೊದಲ ವರದಿಯನ್ನು ನಂಬಿದೆವು. ಅದು ಹಿತವಾಗಿತ್ತು ಎಂಬುದರ ಹೊರತು ಬೇರೆ ಕಾರಣವಿರಲಿಲ್ಲ. ಹದಿನಾಲ್ಕು ತಿಂಗಳಿಗೆ ತಮ್ಮ ಹೋದ. ಇಬ್ಬರು ವೈದ್ಯರೂ ನೋಡಿದ್ದು ಜೀವಕೋಶಗಳ ಆಕಾರವನ್ನು. ಆಕಾರದ ಒಳಗೆ ಏನು ನಡೆದಿತ್ತೆಂಬುದನ್ನು ಹೇಳುವ ಪರೀಕ್ಷೆ ಅಂದು ನಮಗೆ ಎಟುಕುವಂತಿರಲಿಲ್ಲ.

ರಾವ್ ಅವರು ಜೀವಮಾನವಿಡೀ ಶೋಧಿಸಿದ್ದು ಆ ಒಳಗನ್ನೇ. ನಮ್ಮ ಒಂದೊಂದು ಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆ ಇದೆ. ಅದು ಅಡಗಿರುವ ಕೋಶಕೇಂದ್ರವೋ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲಿನಷ್ಟು. ಉತ್ತರಾಯಣದ ದಿನ ಮಾಳಿಗೆಯ ಮೇಲೆ ನಮ್ಮ ಮಕ್ಕಳು ಹಿಡಿದು ನಿಲ್ಲುವ ಫಿರ್ಕಿಯನ್ನು ನೆನೆಯಿರಿ. ಹಿಸ್ಟೋನ್ ಎಂಬ ಪ್ರೊಟೀನುಗಳೇ ಇಲ್ಲಿ ಫಿರ್ಕಿ. ಒಂದೊಂದಕ್ಕೂ ಎಳೆ ಎರಡು ಸುತ್ತಿಗೂ ಕಡಿಮೆ ಸುತ್ತಿಕೊಂಡಿರುತ್ತದೆ. ಅಂಥ ಫಿರ್ಕಿಗಳು ಕೋಟ್ಯಂತರ. ದಾರ ಸಡಿಲವಾದಲ್ಲಿ ಜೀನು ಕೆಲಸ ಮಾಡುತ್ತದೆ, ಬಿಗಿದಲ್ಲಿ ಮೌನ ತಾಳುತ್ತದೆ. ಜೀನಿನ ಅಕ್ಷರ ಕೆಟ್ಟರೆ ಕ್ಯಾನ್ಸರ್ ಬರಬಹುದೆಂದು ನಾವೆಲ್ಲ ಕೇಳಿದ್ದೇವೆ. ಸುತ್ತುವ ಕ್ರಮ ಕೆಟ್ಟರೂ ಬರಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್, ಬಳಿಕ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜು, ಮರಳಿ ಅದೇ ಸಂಸ್ಥೆ. ಅಲ್ಲಿ ಅವರು ಆರಿಸಿಕೊಂಡದ್ದು ಇಲಿಯ ವೃಷಣವನ್ನು. (ಮಕ್ಕಳೂ ಇರುವ ಸಭೆ, ಕ್ಷಮಿಸಬೇಕು, ವಿಜ್ಞಾನಕ್ಕೆ ಮಡಿಯಿಲ್ಲ.) ವೀರ್ಯಾಣು ರೂಪುಗೊಳ್ಳುವಾಗ ಹಳೆಯ ಫಿರ್ಕಿಗಳು ಬಹುಮಟ್ಟಿಗೆ ಹೊರಬೀಳುತ್ತವೆ, ನಡುವೆ ಕೆಲಕಾಲ ಬೇರೆ ಪ್ರೊಟೀನುಗಳು ಬಂದು, ಕೊನೆಗೆ ಪ್ರೋಟಮಿನ್‌ಗಳು ಎಳೆಯನ್ನು ಬಿಗಿಯಾಗಿ ಮಡಿಸುತ್ತವೆ. ನಡುವೆ ಬಂದುಹೋಗುವ ಟಿಪಿ2 ಎಂಬ ಪ್ರೊಟೀನಿನ ಬೆನ್ನು ಹತ್ತಿ ಅವರ ಬಳಗ ವರ್ಷಗಟ್ಟಲೆ ದುಡಿಯಿತು. ಇಲಿಯಿಂದ ದೇಶಕ್ಕೇನು ಲಾಭವೆಂದು ಕೇಳುವವರು ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. 1988ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು.

2004ರಲ್ಲಿ ಅವರ ಪ್ರಯೋಗಾಲಯ ಇಲಿಯ ಎಂಟನೆಯ ವರ್ಣತಂತುವಿನಿಂದ ಹುಟ್ಟುವ ಒಂದು ಆರ್‌ಎನ್‌ಎಯನ್ನು ವರದಿ ಮಾಡಿತು. ಅದು ಯಾವ ಪ್ರೊಟೀನನ್ನೂ ತಯಾರಿಸುವುದಿಲ್ಲ. ಅಂಥದ್ದನ್ನು ಕಸವೆನ್ನುವ ವಾಡಿಕೆ ಆಗಿನ್ನೂ ಪೂರ್ತಿ ಹೋಗಿರಲಿಲ್ಲ. ಈ ‘ಕಸ’ವು ವಿಂಟ್ ಎಂಬ ಸಂಕೇತವ್ಯವಸ್ಥೆಗೆ ಕಡಿವಾಣ ಹಾಕುತ್ತದೆಂದು ಮುಂದೆ ಅದೇ ಬಳಗ ತೋರಿಸಿತು. ಕರುಳಿನ ಬಹುಪಾಲು ಕ್ಯಾನ್ಸರುಗಳಲ್ಲಿ ಹಳಿ ತಪ್ಪಿರುವುದು ಇದೇ ವಿಂಟ್.

2003ರಿಂದ 2013ರವರೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಅಧ್ಯಕ್ಷಗಿರಿ, 2010ರಲ್ಲಿ ಪದ್ಮಶ್ರೀ. ಆ ವರ್ಷಗಳಲ್ಲೇ ಅವರು ಮೆದುಳಿನ ಗೆಡ್ಡೆಗೂ ಕೈಹಾಕಿದ್ದರು. ನಿಮ್ಹಾನ್ಸಿನ ವಾಣಿ ಸಂತೋಷ್, ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ಕೊಂಡಯ್ಯ ಮೊದಲಾದವರೊಡನೆ, ನಮ್ಮ ದೇಶದ ರೋಗಿಗಳ ಗೆಡ್ಡೆಗಳಲ್ಲಿ ಯಾವ ಜೀನು ಎಷ್ಟು ದುಡಿಯುತ್ತಿದೆಯೆಂದು ಅಳೆದರು. ಐಜಿಎಫ್‌ಬಿಪಿ-2, 3, 5 ಎಂಬ ಪ್ರೊಟೀನುಗಳ ಪ್ರಮಾಣ ಗೆಡ್ಡೆಯ ದರ್ಜೆಗೆ ತಕ್ಕಂತೆ ಬದಲಾಗುತ್ತದೆಂದೂ, ಮೂರನೆಯ ಸಂಖ್ಯೆಯದು ಹೆಚ್ಚಿದ್ದವರ ಆಯುಸ್ಸು ಕಿರಿದೆಂದೂ 2010ರ ಅವರ ಲೇಖನ ಹೇಳಿತು. ಅದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಮನೆಯಲ್ಲಿ ಎದ್ದಿದ್ದ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೆಲವರು ಆಗಲೇ ಕೈಗೆತ್ತಿಕೊಂಡಿದ್ದರು.

ಉತ್ಪ್ರೇಕ್ಷೆ ಬೇಡ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಗೆಡ್ಡೆಗಳನ್ನು ಅಣುಲಕ್ಷಣಗಳಿಂದಲೂ ವಿಂಗಡಿಸತೊಡಗಿದಾಗ ಮುಖ್ಯ ಸ್ಥಾನ ಪಡೆದದ್ದು 2008ರಲ್ಲಿ ಅಮೆರಿಕದಲ್ಲಿ ಕಂಡ ಐಡಿಎಚ್ ಜೀನಿನ ಬದಲಾವಣೆ, ಬೆಂಗಳೂರಿನ ಗುರುತುಗಳಲ್ಲ. ಆದರೂ ಶಸ್ತ್ರವೈದ್ಯ, ರೋಗಶಾಸ್ತ್ರಜ್ಞ, ಅಣುಜೀವಶಾಸ್ತ್ರಜ್ಞ ಒಂದೇ ಮೇಜಿನ ಸುತ್ತ ಕುಳಿತ ಆ ಕೆಲಸವನ್ನು ಪ್ರಶಸ್ತಿಗಳಿಗಿಂತ ದೊಡ್ಡದೆಂದು ನಾನು ಎಣಿಸುತ್ತೇನೆ. ಮೈಸೂರಿನವರೊಬ್ಬರ ಈ ಕೆಲಸವನ್ನು ನಾನು ಇಂಗ್ಲಿಷಿನಲ್ಲೇ, ನಿಘಂಟು ಹಿಡಿದು ಓದಬೇಕಾಯಿತೆಂಬ ಕೊರಗು ಮಾತ್ರ ಉಳಿದಿದೆ.

ತಮ್ಮನ ಗೆಡ್ಡೆಯ ತುಣುಕು ಮೇಣದಲ್ಲಿ ಹುದುಗಿ ನನ್ನ ಕಪಾಟಿನಲ್ಲಿತ್ತು. 2018ರಲ್ಲಿ ಅದನ್ನು ಐಡಿಎಚ್ ಪರೀಕ್ಷೆಗೆ ಕೊಟ್ಟೆ. ಆ ಬದಲಾವಣೆ ಅದರಲ್ಲಿ ಇರಲಿಲ್ಲ. ಅಂದರೆ ಕಾದು ನೋಡಬಹುದಾದ ಜಾತಿಯದಾಗಿರಲಿಲ್ಲ. ಆ ವರದಿಯನ್ನು ತಮ್ಮನ ಹೆಂಡತಿಗೆ ತೋರಿಸಲು ನನಗೆ ಎರಡು ವರ್ಷ ಹಿಡಿಯಿತು. ಆಕೆ ಎರಡು ಸಲ ಓದಿದರು, ಏನೂ ಹೇಳಲಿಲ್ಲ, ಮೇಣದ ತುಂಡನ್ನು ಕೇಳಿ ಪಡೆದರು. ಆಕೆಯ ಒಪ್ಪಿಗೆ ಪಡೆದೇ ಇಷ್ಟನ್ನು ನಿಮ್ಮ ಮುಂದೆ ಹೇಳಿದ್ದೇನೆ.